ಥೈರಾಯ್ಡ್ ಪರೀಕ್ಷೆ: ದಾರಿ ತಪ್ಪಿಸುವ ಪ್ರತಿಕಾಯಗಳು

ಥೈರಾಯ್ಡ್ ಕೊರತೆಗೆ ಚಿಕಿತ್ಸೆ ಪಡೆಯುವವರ ಮಾತ್ರೆಯ ಪ್ರಮಾಣ ಬಹುಮಟ್ಟಿಗೆ ಟಿಎಸ್‌ಎಚ್ ಎಂಬ ಒಂದು ಅಂಕಿಯನ್ನು ಅವಲಂಬಿಸಿದೆ. ಆ ಅಂಕಿಯೇ ಸುಳ್ಳಾದರೆ? ಅಪರೂಪವಾದರೂ ಹಾಗಾಗುವುದುಂಟು. ಯಂತ್ರ ಕೆಟ್ಟಿರುವುದಿಲ್ಲ, ಸಿಬ್ಬಂದಿ ಎಡವಿರುವುದೂ ಇಲ್ಲ. ಗೊಂದಲದ ಮೂಲ ರೋಗಿಯ ರಕ್ತದಲ್ಲಿರುವ ಪ್ರತಿಕಾಯಗಳು.

ಟಿಎಸ್‌ಎಚ್ ಮಿದುಳಿನ ತಳಭಾಗದ ಪಿಟ್ಯುಟರಿ ಗ್ರಂಥಿ ಸ್ರವಿಸುವ ಹಾರ್ಮೋನು. ಥೈರಾಯ್ಡ್ ಸೊರಗಿದಾಗ ಅದರ ಮಟ್ಟ ಏರುತ್ತದೆ. ಪ್ರಯೋಗಾಲಯಗಳು ಅದನ್ನು ಅಳೆಯುವುದು ಎರಡು ಪ್ರತಿಕಾಯಗಳ ನೆರವಿನಿಂದ. ಒಂದು ಹಾರ್ಮೋನನ್ನು ಹಿಡಿದಿಡುತ್ತದೆ; ಇನ್ನೊಂದು ಅದಕ್ಕೆ ಅಂಟಿ, ಯಂತ್ರ ಗುರುತಿಸಬಲ್ಲ ಸಂಕೇತ ನೀಡುತ್ತದೆ. ಇವು ಹೆಚ್ಚಾಗಿ ಇಲಿಯಂಥ ಪ್ರಾಣಿಮೂಲದವು. ಕೆಲವರ ರಕ್ತದಲ್ಲಿ ಪ್ರಾಣಿಮೂಲದ ಪ್ರತಿಕಾಯಗಳಿಗೇ ಅಂಟುವ ‘ಹೆಟೆರೋಫೈಲ್’ ಪ್ರತಿಕಾಯಗಳಿರುತ್ತವೆ. ಅವು ಎರಡರ ನಡುವೆ ಸೇತುವೆಯಾದರೆ ಹಾರ್ಮೋನು ಇಲ್ಲದೆಯೂ ಸಂಕೇತ ಹೊರಡುತ್ತದೆ. ಯಂತ್ರ ಅದನ್ನೂ ಟಿಎಸ್‌ಎಚ್ ಎಂದೇ ಎಣಿಸುತ್ತದೆ.

ಇನ್ನೊಂದು ಬಗೆಯೆಂದರೆ ‘ಮ್ಯಾಕ್ರೋ ಟಿಎಸ್‌ಎಚ್’. ಇಲ್ಲಿ ರೋಗಿಯ ಪ್ರತಿಕಾಯ ಟಿಎಸ್‌ಎಚ್‌ಗೇ ಅಂಟಿ ದೊಡ್ಡ ಕಣವಾಗುತ್ತದೆ. ಮೂತ್ರಪಿಂಡ ಅದನ್ನು ಸೋಸಲಾರದು. ದೇಹಕ್ಕೂ ಅದರಿಂದ ಉಪಯೋಗವಿಲ್ಲ. ಈ ಪ್ರತಿಕಾಯ ಗರ್ಭಿಣಿಯಿಂದ ಮಗುವಿಗೂ ದಾಟಬಲ್ಲದು. ಆಗ ಆರೋಗ್ಯವಂತ ನವಜಾತ ಶಿಶುವಿನ ವರದಿಯಲ್ಲೂ ಟಿಎಸ್‌ಎಚ್ ಹೆಚ್ಚಾಗಿ ಕಾಣುತ್ತದೆ. ಕೆಲವು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ.

ಸುಳ್ಳು ಅಂಕಿಯನ್ನು ನಂಬಿ ಲೆವೊಥೈರಾಕ್ಸಿನ್ ಮಾತ್ರೆ ಹೆಚ್ಚಿಸಿದರೆ ಎದೆ ಡವಗುಟ್ಟುವುದು, ತೂಕ ಇಳಿಯುವುದು ಶುರುವಾಗುತ್ತದೆ. ವೃದ್ಧರಲ್ಲಿ ಹೃದಯದ ಲಯ ತಪ್ಪಬಹುದು, ಮೂಳೆ ಸವೆಯಬಹುದು. ಹಾಗೆಂದು ಏರಿದ ಪ್ರತಿ ಟಿಎಸ್‌ಎಚ್ ಅನ್ನೂ ಶಂಕಿಸುವಂತಿಲ್ಲ. ಆರಂಭದ ಹಂತದ ನಿಜವಾದ ಕೊರತೆ ಅಥವಾ ಮಾತ್ರೆ ತಪ್ಪಿಸಿದ್ದೇ ಹೆಚ್ಚು ಸಾಮಾನ್ಯ ಕಾರಣ. ಸ್ವತಃ ಮಾತ್ರೆ ನಿಲ್ಲಿಸುವುದಂತೂ ಸಲ್ಲದು. ಟಿಎಸ್‌ಎಚ್ ಬಹಳ ಹೆಚ್ಚಿದ್ದರೂ ಫ್ರೀ ಟಿ4 ಸಹಜವಾಗಿದ್ದು, ಲಕ್ಷಣಗಳೂ ಇಲ್ಲದಿದ್ದರೆ ವೈದ್ಯರಲ್ಲಿ ಪ್ರಸ್ತಾಪಿಸಬಹುದು.

ಪತ್ತೆಯ ಸುಲಭ ದಾರಿ, ಅದೇ ರಕ್ತವನ್ನು ಬೇರೆ ತಯಾರಕರ ವಿಧಾನದಲ್ಲಿ ಪರೀಕ್ಷಿಸುವುದು. ಬೇರೆ ಪ್ರಯೋಗಾಲಯಕ್ಕೆ ಕಳುಹಿಸಿದರಷ್ಟೇ ಸಾಲದು, ಅಲ್ಲಿಯೂ ಅದೇ ಯಂತ್ರವಿರಬಹುದು. ಮಾದರಿಯನ್ನು ಅರ್ಧಕ್ಕೆ ತೆಳುಗೊಳಿಸಿದಾಗ ಅಂಕಿಯೂ ಸರಿಸುಮಾರು ಅರ್ಧವಾಗದಿದ್ದರೆ ಅನುಮಾನ ಬಲವಾಗುತ್ತದೆ. ಮ್ಯಾಕ್ರೋ ಟಿಎಸ್‌ಎಚ್ ಶಂಕೆಯಿದ್ದರೆ ಪಾಲಿಎಥಿಲೀನ್ ಗ್ಲೈಕಾಲ್ ಬೆರೆಸಿ ಪ್ರತಿಕಾಯಗಳನ್ನು ತಳಕ್ಕಿಳಿಸಿ, ಉಳಿದುದನ್ನು ಅಳೆಯುತ್ತಾರೆ.

ಥೈರಾಯ್ಡ್ ಕ್ಯಾನ್ಸರ್‌ಗೆ ಗ್ರಂಥಿ ತೆಗೆಸಿಕೊಂಡವರಲ್ಲಿ ತಪ್ಪು ಸಾಮಾನ್ಯವಾಗಿ ಇದರ ವಿರುದ್ಧ ದಿಕ್ಕಿನದು. ರೋಗ ಮರುಕಳಿಸಿದೆಯೇ ಎಂದು ತಿಳಿಯಲು ಅಳೆಯುವ ಥೈರೋಗ್ಲಾಬ್ಯುಲಿನ್ ಅನ್ನು ಪ್ರತಿಕಾಯಗಳು ಮರೆಮಾಚಿ ಕಡಿಮೆ ತೋರಿಸಬಲ್ಲವು. ಆದ್ದರಿಂದಲೇ ಆ ಪರೀಕ್ಷೆಯ ಜತೆಗೆ ಪ್ರತಿಕಾಯದ ಪರೀಕ್ಷೆಯನ್ನೂ ಪ್ರತಿ ಬಾರಿ ಮಾಡಿಸಲಾಗುತ್ತದೆ.