ವಿಜಯಪುರ ಸೀಮೆಯ ನುಡಿಗಟ್ಟುಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತಲಿನ ಆಡುಮಾತಿನಲ್ಲಿ ನೇರ ಅರ್ಥ ಬಿಟ್ಟು ಬೇರೆಯದನ್ನೇ ಸೂಚಿಸುವ ಮಾತುಗಳು. ಇವುಗಳಲ್ಲಿ ಸೊಗಸಾದವು ಎರೆಹೊಲದಿಂದ, ಮಾಳಿಗೆ ಮನೆಯಿಂದ ಬಂದವು.

'ಉಂಡ ಮನಿ ಜಂತಿ ಎಣಸೂದು' ಎಂಬುದನ್ನೇ ನೋಡಬಹುದು. ಮಾಳಿಗೆ ಮನೆಯಲ್ಲಿ ತೊಲೆಗಳ ಮೇಲೆ ಅಡ್ಡಲಾಗಿ ಜಂತಿ ಜೋಡಿಸಿ, ಅದರ ಮೇಲೆ ಮಣ್ಣು ಹಾಕುತ್ತಾರೆ. ಒಳಗಿನಿಂದ ಜಂತಿಗಳು ಮರೆಯಿಲ್ಲದೆ ಕಾಣುತ್ತವೆ. ಉಂಡು ಅಂಗಾತ ಮಲಗಿದ ಬೀಗ ಅವನ್ನು ಎಣಿಸತೊಡಗಿದನೆಂದರೆ ಮನೆಯವರ ಆಸ್ತಿ ಅಳೆಯುತ್ತಿದ್ದಾನೆ ಎಂದೇ ಲೆಕ್ಕ. ಅನ್ನವಿಟ್ಟವರಿಗೆ ಎರಡು ಬಗೆಯುವವನಿಗೆ ಈ ಮಾತು ಸಲ್ಲುತ್ತದೆ. ನಾಡಿನ ಬೇರೆ ಕಡೆಯೂ ಇದು ಬಳಕೆಯಲ್ಲಿದೆ. ಸಿಮೆಂಟು ಚಾವಣಿಯ ಕೆಳಗೆ ಬೆಳೆದವರಿಗೆ ಅರ್ಥವಷ್ಟೇ ದಕ್ಕುತ್ತದೆ, ಎಣಿಸಲು ಜಂತಿಯಿಲ್ಲ.

'ತಪ್ಪು ಹೊಟ್ಟ್ಯಾಗ ಹಾಕ್ಕೋರಿ' ಎಂದರೆ ಕ್ಷಮಿಸಿರಿ ಎಂದು. 'ಬಾಯಿ ಮಾಡಬ್ಯಾಡ' ಎಂದರೆ ಕೂಗಾಡಿ ಜಗಳಕ್ಕೆ ನಿಲ್ಲಬೇಡ ಎಂದು. 'ಡೋಣಿ ಬೆಳದರ ಓಣೆಲ್ಲ ಕಾಳು' ಎಂಬ ಗಾದೆ ಹಲವು ರೂಪಗಳಲ್ಲಿ ಕೇಳಿಬರುತ್ತದೆ. ಡೋಣಿ ಹೊಳೆಯ ನೀರು ಉಪ್ಪು. ಅದರ ದಂಡೆಯ ಎರೆಯಾದರೋ ಹಿಂಗಾರಿ ಬಿಳಿಜೋಳಕ್ಕೆ ಹೇಳಿ ಮಾಡಿಸಿದ್ದು.

ಆದಿಲಶಾಹಿ ಆಳ್ವಿಕೆ (1490–1686), ಆಮೇಲಿನ ಮರಾಠರ ಆಡಳಿತ, ನೆರೆಯ ಸೊಲ್ಲಾಪುರದ ಒಡನಾಟಗಳಿಂದ ಪಾರಸಿ, ಅರಬ್ಬಿ, ಮರಾಠಿ ಮಾತುಗಳು ಕನ್ನಡ ಕ್ರಿಯಾಪದದ ಕೈಹಿಡಿದವು: ಹೈರಾಣಾಗು, ಫಜೀತಿ ಬೀಳು, ತಕರಾರು ತೆಗೆ. ಕಚೇರಿಯ ಮಾತು ಕಟ್ಟೆಗೆ ಬಂದು ಕುಳಿತದ್ದು ಹೀಗೆ.

ಕನ್ನಡ ನುಡಿಗಟ್ಟು, ಗಾದೆಗಳು ದೊಡ್ಡ ಪ್ರಮಾಣದಲ್ಲಿ ಅಚ್ಚಿಗೆ ಬಂದದ್ದರಲ್ಲಿ ಕಿಟೆಲ್ಲರ ನಿಘಂಟಿನ (1894) ಪಾಲು ಹಿರಿದು. ಈ ಸೀಮೆಯ ಒಳಗಿನಿಂದಲೇ ಕೆಲಸಕ್ಕೆ ನಿಂತವರು ಆಗಿನ ಇಂಡಿ ತಾಲ್ಲೂಕಿನ ಹಲಸಂಗಿ ಗೆಳೆಯರು: ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ. 1931ರಲ್ಲಿ ಹೊರಬಂದ ಅವರ 'ಗರತಿಯ ಹಾಡು' ತ್ರಿಪದಿಗಳ ಸಂಗ್ರಹ. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹೇಳುತ್ತಿದ್ದ ಮಾತಿನ ಬೆಡಗೂ ಹಾಡಿನ ಸಂಗಡ ಉಳಿಯಿತು. ನಿಘಂಟಿನ ಅರ್ಥವಿವರಣೆಗಿಂತ ಅಲ್ಲಿಯೇ ಅದು ಜೀವಂತವಾಗಿದೆ ಎನ್ನಬೇಕು.

ಇಂಗ್ಲಿಷಿನ ಪಡಿಯಚ್ಚಾದ 'ಬೆಳಕು ಚೆಲ್ಲು', 'ಪಾತ್ರ ವಹಿಸು' ಮುಂತಾದವು ಪತ್ರಿಕೆ, ಭಾಷಣಗಳಲ್ಲಿ ಬೇರೂರಿದರೂ ಓಣಿಯ ಮಾತಿಗೆ ಅಷ್ಟಾಗಿ ಇಳಿದಿಲ್ಲ. ಓಣಿಗೆ ಬೇಕಾದದ್ದು ಇಂಗ್ಲಿಷಿನ ನಾಮಪದವೊಂದೇ. ಅದಕ್ಕೆ ತನ್ನ ಕ್ರಿಯಾಪದ ಸೇರಿಸಿ 'ಬೋರ್ ಹೊಡಿತೈತಿ', 'ಟೆನ್ಶನ್ ತಗೋಬ್ಯಾಡ್ರಿ' ಎನ್ನುತ್ತದೆ, ಹಿಂದೆ ತಕರಾರಿಗೆ ಮಾಡಿದ ಹಾಗೆಯೇ.