ವಾಹನ ಹಿಂಪಡೆತ: ತುರ್ತು ವಾಹನಗಳ ಸ್ಟೀರಿಂಗ್ ದೋಷ

ವಾಹನ ಹಿಂಪಡೆತವೆಂದರೆ ತಯಾರಿಕೆಯಲ್ಲೇ ಉಳಿದುಹೋದ ಸುರಕ್ಷತಾ ದೋಷವನ್ನು ಸರಿಪಡಿಸಲು, ಆಗಲೇ ಮಾರಾಟವಾಗಿ ರಸ್ತೆಗಿಳಿದ ವಾಹನಗಳನ್ನು ಕಂಪನಿಯೇ ವಾಪಸ್ ಕರೆಸಿ ತನ್ನ ಖರ್ಚಿನಲ್ಲಿ ರಿಪೇರಿ ಮಾಡಿಕೊಡುವ ಕ್ರಮ. ಬಳಕೆಯಲ್ಲಿ ರೀಕಾಲ್ ಎಂದೇ ಪ್ರಸಿದ್ಧ. ಭಾರತದಲ್ಲಿ 2012ರಲ್ಲಿ ಇದು ಕಂಪನಿಗಳ ಸ್ವಯಂಪ್ರೇರಿತ ಸಂಹಿತೆಯಾಗಿ ರೂಪುಗೊಂಡಿತು. 2021ರಿಂದ ಕಾನೂನಿನ ಬಲ ಪಡೆಯಿತು. ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳ ಮಟ್ಟಿಗೆ ಈ ಕ್ರಮ ಎಷ್ಟು ದೂರ ತಲುಪಿದೆ ಎಂಬುದು ಕಲಬುರಗಿ, ಕಮಲಾಪುರದಂಥ ಊರುಗಳಿಂದ ನೋಡಿದಾಗ ಸ್ಪಷ್ಟವಾಗುತ್ತದೆ.

ಲಾರಿ ಚಾಸಿಯ ವಾಹನದಲ್ಲಿ ಚಾಲಕನ ಕೈಯ ಚಲನೆ ಗಾಲಿಗೆ ಮುಟ್ಟುವ ದಾರಿ ಉದ್ದವಾದದ್ದು. ಸ್ಟೀರಿಂಗ್ ಕಾಲಂನಿಂದ ಸ್ಟೀರಿಂಗ್ ಬಾಕ್ಸ್‌ಗೆ, ಅಲ್ಲಿಂದ ಡ್ರಾಪ್ ಆರ್ಮ್, ಡ್ರ್ಯಾಗ್ ಲಿಂಕ್‌ಗೆ, ಕೊನೆಗೆ ಮುಂದಿನ ಎರಡೂ ಗಾಲಿಗಳನ್ನು ಜೋಡಿಸುವ ಟೈ ರಾಡ್‌ಗೆ ಅದು ಹರಿಯುತ್ತದೆ. ಇವುಗಳ ತುದಿಯಲ್ಲಿ ಗ್ರೀಸ್ ತುಂಬಿದ ಬಾಲ್ ಜಾಯಿಂಟುಗಳಿರುತ್ತವೆ. ಅವುಗಳ ಮೇಲೊಂದು ರಬ್ಬರ್ ಟೋಪಿ. ಟೋಪಿ ಹರಿದರೆ ಧೂಳು ಒಳಹೊಕ್ಕು, ಗ್ರೀಸ್ ಉಜ್ಜುಕಾಗದದಂತೆ ಕೀಲನ್ನೇ ತೇಯತೊಡಗುತ್ತದೆ. ಆಗ ಸ್ಟೀರಿಂಗ್ ತಿರುಗಿಸಿದರೂ ಗಾಲಿ ತಕ್ಷಣ ಹೊರಳುವುದಿಲ್ಲ. ಮೆಕ್ಯಾನಿಕ್‌ಗಳು ‘ಪ್ಲೇ ಜಾಸ್ತಿಯಾಗಿದೆ’ ಎನ್ನುವುದು ಇದನ್ನೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮದ ಪ್ರಕಾರ ಈ ಪ್ಲೇ 30 ಡಿಗ್ರಿ ಮೀರಬಾರದು, ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೋಪಿ ಇರಲೇಬೇಕು, ಬೋಲ್ಟು ಪಿನ್ನುಗಳು ಸಡಿಲವಾಗದಂತೆ ಲಾಕ್ ಆಗಿರಬೇಕು. ಬ್ರೇಕ್ ಕೈಕೊಟ್ಟಾಗ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ಗಾಡಿ ನಿಲ್ಲಿಸಲು ಒಂದಿಷ್ಟು ಅವಕಾಶವಾದರೂ ಇರುತ್ತದೆ. ಓಡುತ್ತಿರುವಾಗ ಟೈ ರಾಡ್ ಮುರಿದರೆ ಎಂಥ ಅನುಭವಿ ಚಾಲಕನೂ ಗಾಡಿಯನ್ನು ರಸ್ತೆಯ ಮೇಲೆ ಉಳಿಸಿಕೊಳ್ಳುವುದು ಕಷ್ಟ.

ಸವೆತ ಬೇರೆ, ಹುಟ್ಟುದೋಷ ಬೇರೆ. ಈ ವ್ಯತ್ಯಾಸವನ್ನು ಕಾನೂನು ಮೊದಲು ಗಂಭೀರವಾಗಿ ಪರಿಗಣಿಸಿದ್ದು ಅಮೆರಿಕದಲ್ಲಿ, 1966ರ ವಾಹನ ಸುರಕ್ಷತಾ ಕಾಯ್ದೆಯ ಮೂಲಕ. ಅಲ್ಲಿನ ದೊಡ್ಡ ಹಿಂಪಡೆತಗಳಲ್ಲೊಂದು ಸ್ಟೀರಿಂಗ್‌ಗೆ ಸಂಬಂಧಿಸಿದ್ದೇ. 1971 ಮತ್ತು 1972ರ ಮಾದರಿಯ ದೊಡ್ಡ ಕಾರುಗಳಲ್ಲಿ ರಸ್ತೆಯ ಜಲ್ಲಿಕಲ್ಲು ಚಿಮ್ಮಿ ಸ್ಟೀರಿಂಗ್ ಜೋಡಣೆಯೊಳಗೆ ಸಿಕ್ಕಿಹಾಕಿಕೊಳ್ಳಬಹುದೆಂದು ಜನರಲ್ ಮೋಟಾರ್ಸ್ ಕಂಪನಿ 1973ರಲ್ಲಿ ಸುಮಾರು 37 ಲಕ್ಷ ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ರಿಪೇರಿಯ ಖರ್ಚು ಕಂಪನಿಯದೇ ಎಂದು ಕಾಯ್ದೆಗೆ ಸೇರಿದ್ದು ಅದರ ಮರುವರ್ಷ.

ಕಲಬುರಗಿ ಭಾಗಕ್ಕೆ ಸಂಘಟಿತ ಮೋಟಾರು ಸಾರಿಗೆ ಬಂದದ್ದು ನಿಜಾಮರ ಆಡಳಿತದಲ್ಲಿ. 1932ರಲ್ಲಿ ಹೈದರಾಬಾದ್ ಸಂಸ್ಥಾನದ ರೈಲ್ವೆಯ ಅಂಗವಾಗಿಯೇ ರಸ್ತೆ ಸಾರಿಗೆ ವಿಭಾಗ 27 ಬಸ್ಸುಗಳೊಂದಿಗೆ ಆರಂಭವಾಯಿತು. 1956ರಲ್ಲಿ ಈ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 2000ದಲ್ಲಿ ಕಲಬುರಗಿಯನ್ನೇ ಕೇಂದ್ರವಾಗಿಸಿಕೊಂಡು ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಸ್ಥಾಪನೆಯಾಯಿತು. 2021ರಲ್ಲಿ ಅದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವೆಂದು ಹೆಸರು ಬದಲಿಸಿಕೊಂಡಿತು. ಇಷ್ಟು ದಶಕಗಳಲ್ಲಿ ಸ್ಟೀರಿಂಗ್ ದೋಷವನ್ನು ಹಿಡಿಯುವ ಹೊಣೆ ಡಿಪೊ ಮೆಕ್ಯಾನಿಕ್‌ಗಳದು ಮತ್ತು ವಾಹನ ಓಡಲು ಯೋಗ್ಯವೆಂಬ ಪ್ರಮಾಣಪತ್ರ, ಅಂದರೆ ಎಫ್‌ಸಿ, ಕೊಡುವ ಮೋಟಾರು ವಾಹನ ನಿರೀಕ್ಷಕರದು. ಹೊಸ ಸಾರಿಗೆ ವಾಹನಕ್ಕೆ ಎರಡು ವರ್ಷದ ಎಫ್‌ಸಿ, ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ ನವೀಕರಣ, ಆಮೇಲೆ ಪ್ರತಿವರ್ಷ. ಈ ತಪಾಸಣೆ ಒಂದೊಂದು ಗಾಡಿಯನ್ನು ಬಿಡಿಯಾಗಿ ನೋಡುತ್ತದೆ. ಒಂದೇ ಮಾದರಿಯ ಹತ್ತು ಗಾಡಿಗಳಲ್ಲಿ ಒಂದೇ ಕೀಲು ಸಡಿಲವಾಗುತ್ತಿದ್ದರೂ ಹತ್ತಕ್ಕೂ ಹೊಸ ಭಾಗ ಹಾಕಿ ಕಳಿಸುವುದಷ್ಟೇ ನಿರೀಕ್ಷೆ. ಕಾರ್ಖಾನೆಯನ್ನು ಪ್ರಶ್ನಿಸುವ ಅಧಿಕಾರ ಅಲ್ಲಿಲ್ಲ.

ಭಾರತದ ಕಾರು ಕಂಪನಿಗಳು ಬಹಿರಂಗವಾಗಿ ವಾಹನ ವಾಪಸ್ ಕರೆಸುವುದು ಈ ಶತಮಾನದಲ್ಲಿ ರೂಢಿಗೆ ಬಂತು. 2010ರಲ್ಲಿ ಮಾರುತಿ ಸುಜುಕಿ ಇಂಧನ ಸೋರಿಕೆಯ ಕಾರಣಕ್ಕೆ ಸುಮಾರು ಒಂದು ಲಕ್ಷ ಎ-ಸ್ಟಾರ್ ಕಾರುಗಳನ್ನು ಕರೆಸಿತು. 2012ರ ಜುಲೈನಲ್ಲಿ ತಯಾರಕರ ಸಂಘ ‘ಸಿಯಾಮ್’ ತನ್ನ ಸಂಹಿತೆಯನ್ನು ಜಾರಿಗೆ ತಂದಿತು. ಮರುವರ್ಷ ಸ್ಟೀರಿಂಗ್ ಕಾಲಂ ಪರೀಕ್ಷೆಗೆಂದು ಮಾರುತಿಯ ಎರ್ಟಿಗಾ, ಸ್ವಿಫ್ಟ್, ಡಿಜೈರ್, ಎ-ಸ್ಟಾರ್ ಮಾದರಿಗಳ 1,492 ಕಾರುಗಳು ವಾಪಸಾದವು. ಆಗ ಇವೆಲ್ಲ ಕಂಪನಿಯ ಇಷ್ಟಕ್ಕೆ ಬಿಟ್ಟದ್ದು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಕಲಂ ಸೇರಿ, 2021ರ ಏಪ್ರಿಲ್ 1ರಿಂದ ನಿಯಮಗಳು ಜಾರಿಯಾದ ಮೇಲೆ ಕೇಂದ್ರ ಸರ್ಕಾರವೇ ಹಿಂಪಡೆತಕ್ಕೆ ಆದೇಶಿಸಬಹುದಾಯಿತು. ದಂಡ 10 ಲಕ್ಷ ರೂಪಾಯಿಯಿಂದ ಒಂದು ಕೋಟಿಯವರೆಗೆ. ಕಂಪನಿ ತಾನಾಗಿ ದೋಷ ಒಪ್ಪಿ ಕರೆಸಿದರೆ ದಂಡವಿಲ್ಲ.

ತುರ್ತು ಸೇವೆಗೆ ತೀರ ಹತ್ತಿರವಾದ ಪ್ರಕರಣ 2023ರ ಜುಲೈನದು. 2021ರ ಜುಲೈ 5ರಿಂದ 2023ರ ಫೆಬ್ರವರಿ 15ರ ನಡುವೆ ತಯಾರಾದ 87,599 ಎಸ್-ಪ್ರೆಸೊ ಮತ್ತು ಈಕೊ ವಾಹನಗಳನ್ನು ಮಾರುತಿ ಸುಜುಕಿ ವಾಪಸ್ ಕರೆಸಿತು. ಕಾರಣ ಟೈ ರಾಡ್: ಅದರ ಒಂದು ಭಾಗ ಅಪರೂಪಕ್ಕೆ ಮುರಿದು ಗಾಡಿಯ ಹಿಡಿತ ತಪ್ಪಬಹುದೆಂದು ಕಂಪನಿಯೇ ತಿಳಿಸಿತು. ಈಕೊ ಮನೆಮಂದಿಯ ವ್ಯಾನ್ ಮಾತ್ರವಲ್ಲ, ಆಂಬುಲೆನ್ಸ್ ರೂಪದಲ್ಲೂ ಮಾರಾಟವಾಗುವ ವಾಹನ. 2024ರ ಆಗಸ್ಟ್‌ನಲ್ಲಿ 2,555 ಆಲ್ಟೊ ಕೆ10 ಕಾರುಗಳ ಸ್ಟೀರಿಂಗ್ ಗೇರ್ ಬಾಕ್ಸ್ ದೋಷ ಹೊರಬಿದ್ದಾಗ, ಭಾಗ ಬದಲಿಸುವವರೆಗೆ ಕಾರು ಓಡಿಸಲೇಬೇಡಿ ಎಂದು ಅದೇ ಕಂಪನಿ ಹೇಳಿತು. ಸ್ವಂತ ಕಾರಿನವರು ಆಟೊ ಹಿಡಿದು ಹೋದಾರು. ಹೋಬಳಿಗೆ ಒಂದೇ ಆಂಬುಲೆನ್ಸ್ ಇದ್ದ ಕಡೆ ಇಂಥ ಸೂಚನೆಯನ್ನು ಪಾಲಿಸಬೇಕಾದರೆ ಬದಲಿ ಗಾಡಿ ಮೊದಲೇ ಸಿದ್ಧವಿರಬೇಕು.

ಕಮಲಾಪುರವನ್ನು ಗಮನಿಸಿದರೆ ಇದರ ತೀವ್ರತೆ ಅರಿವಾಗುತ್ತದೆ. ಕೆಂಪು ಬಾಳೆಗೆ ಹೆಸರಾದ ಈ ತಾಲ್ಲೂಕು ಕೇಂದ್ರ ಕಲಬುರಗಿಯಿಂದ ಸುಮಾರು 35 ಕಿ.ಮೀ. ದೂರದಲ್ಲಿ, ಹುಮನಾಬಾದ್, ಬೀದರ್ ಕಡೆಯ ಹೆದ್ದಾರಿಯಲ್ಲಿದೆ. ಗಂಭೀರವಾಗಿ ಗಾಯಗೊಂಡವರನ್ನು ಕಲಬುರಗಿಯ ಆಸ್ಪತ್ರೆಗಳಿಗೆ ಸಾಗಿಸಬೇಕು. 2022ರ ಜೂನ್ 3ರ ಬೆಳಿಗ್ಗೆ ಗೋವಾದಿಂದ ಹೈದರಾಬಾದ್‌ಗೆ ಹೊರಟಿದ್ದ ಖಾಸಗಿ ಬಸ್ಸೊಂದು ಕಮಲಾಪುರದ ಹೊರವಲಯದಲ್ಲಿ ಸರಕು ವಾಹನಕ್ಕೆ ಡಿಕ್ಕಿ ಹೊಡೆದು, ಸೇತುವೆಯಿಂದ ಕೆಳಗುರುಳಿ ಹೊತ್ತಿಕೊಂಡಿತು. ಕನಿಷ್ಠ ಏಳು ಮಂದಿ ಸಜೀವ ದಹನವಾದರು. ಇದನ್ನು ಸ್ಟೀರಿಂಗ್ ದೋಷಕ್ಕೆ ಗಂಟುಹಾಕಲು ಆಧಾರವಿಲ್ಲ. ಇಲ್ಲಿ ಅದನ್ನು ನೆನೆಯುವುದು ಅಂಥ ಹೊತ್ತಿನಲ್ಲಿ ಈ ರಸ್ತೆ ಎಷ್ಟರಮಟ್ಟಿಗೆ ಆಂಬುಲೆನ್ಸ್ ಮತ್ತು ಅಗ್ನಿಶಾಮಕ ವಾಹನಗಳನ್ನೇ ನೆಚ್ಚಿದೆ ಎಂಬುದಕ್ಕೆ. ಕಪ್ಪು ಮಣ್ಣಿನ ಸೀಮೆಯಲ್ಲಿ ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ರಸ್ತೆಗಳು ಏರುತಗ್ಗಾಗುತ್ತವೆ, ಮುಂದಿನ ಆಕ್ಸಲ್‌ನ ಕೀಲುಗಳು ಬೇಗ ಸವೆಯುತ್ತವೆ.

108 ಸಂಖ್ಯೆಯ ‘ಆರೋಗ್ಯ ಕವಚ’ ಕರ್ನಾಟಕದಲ್ಲಿ ಆರಂಭವಾದದ್ದು 2008ರ ನವೆಂಬರ್ 1ರಂದು. ಆಂಬುಲೆನ್ಸ್ ಹೇಗಿರಬೇಕೆಂಬ ರಾಷ್ಟ್ರೀಯ ಸಂಹಿತೆ, ಎಐಎಸ್-125, ಕಡ್ಡಾಯವಾದದ್ದು ಸುಮಾರು ಹತ್ತು ವರ್ಷ ತಡವಾಗಿ, 2018ರ ಏಪ್ರಿಲ್‌ನಲ್ಲಿ. ಅಗ್ನಿಶಾಮಕ ವಾಹನದ ಸ್ಥಿತಿ ಇನ್ನೂ ಜಟಿಲ. ಚಾಸಿ ಒಂದು ಕಂಪನಿಯದು. ನೀರಿನ ಟ್ಯಾಂಕು, ಪಂಪು, ಏಣಿ ಕೂಡಿಸುವವರು ಬೇರೆಯವರು. 4,500 ಲೀಟರ್ ಟ್ಯಾಂಕಿನ ಗಾಡಿಯಲ್ಲಿ ನೀರಿನ ತೂಕವೇ ನಾಲ್ಕೂವರೆ ಟನ್, ಅದೂ ತಿರುವಿನಲ್ಲಿ ತುಳುಕುವ ತೂಕ. ಸ್ಟೀರಿಂಗ್ ಸಡಿಲವಾದರೆ ತಪ್ಪು ಚಾಸಿಯದೋ ಮೇಲೆ ಹೇರಿದ ಭಾರದ್ದೋ ಎಂಬ ವಾದಕ್ಕೆ ಇಬ್ಬರು ತಯಾರಕರಿರುತ್ತಾರೆ.

2021ರ ನಿಯಮಗಳು ಏಳು ವರ್ಷದೊಳಗಿನ ವಾಹನಗಳಿಗೆ ಸೀಮಿತ. ಸರ್ಕಾರಿ ವಾಹನಗಳಿಗೋ 15 ವರ್ಷದ ಆಯುಸ್ಸನ್ನು 2023ರ ಏಪ್ರಿಲ್‌ನಿಂದ ಗೊತ್ತುಪಡಿಸಲಾಗಿದೆ. ನಡುವಿನ ಎಂಟು ವರ್ಷ ಗಾಡಿ ಕರ್ತವ್ಯದ ಮೇಲಿರುತ್ತದೆ, ಆದರೆ ಕಡ್ಡಾಯ ಹಿಂಪಡೆತದ ಆಚೆಗಿರುತ್ತದೆ. ಅಗ್ನಿಶಾಮಕ ವಾಹನ ಓಡುವ ಕಿಲೋಮೀಟರ್ ಕಡಿಮೆ. ಅದರ ರಬ್ಬರ್ ಟೋಪಿ, ಪವರ್ ಸ್ಟೀರಿಂಗ್ ಹೋಸು ಮಾತ್ರ 45 ಡಿಗ್ರಿ ಮುಟ್ಟುವ ಬೇಸಿಗೆಯಲ್ಲಿ ನಿಂತಲ್ಲೇ ಒಣಗಿ ಬಿರಿಯಬಲ್ಲವು. ಏಳು ವರ್ಷದ ಈ ಮಿತಿ ತುರ್ತು ವಾಹನಗಳಿಗೆ ಹೊಂದುವುದಿಲ್ಲ.

ದೂರಿನ ಲೆಕ್ಕವೂ ಅಷ್ಟೇ. ಭಾರಿ ಪ್ರಯಾಣಿಕ ಮತ್ತು ಸರಕು ವಾಹನಗಳಲ್ಲಿ ವರ್ಷದ ಮಾರಾಟದ ಶೇ. 3ರಷ್ಟು ದೂರು ಬಂದಾಗ ಹಿಂಪಡೆತದ ಪ್ರಕ್ರಿಯೆ ಆರಂಭವಾಗುತ್ತದೆ. ದೂರು ಕೊಡಬೇಕಾದವರು ಮಾಲೀಕರು. ಕೆಎ-32 ನೋಂದಣಿಯ ಸರ್ಕಾರಿ ಆಂಬುಲೆನ್ಸಿಗೆ ಮಾಲೀಕರು ಕಚೇರಿಯಲ್ಲಿರುತ್ತಾರೆ. ಪ್ಲೇ ಜಾಸ್ತಿಯಾಗಿದ್ದು ಕೈಗೆ ತಿಳಿಯುವುದು ರಾತ್ರಿ ಎರಡು ಗಂಟೆಗೆ ಗರ್ಭಿಣಿಯನ್ನು ಕರೆತರುವ ಚಾಲಕನಿಗೆ. 110ಎ ಕಲಮಿನಲ್ಲಿ ಇದಕ್ಕೊಂದು ದಾರಿ ಇದೆ: ಮಾಲೀಕರ ದೂರು, ಪರೀಕ್ಷಾ ಸಂಸ್ಥೆಯ ವರದಿ, ಇಲ್ಲವೇ ಬೇರಾವುದೇ ಮೂಲದ ಮಾಹಿತಿಯ ಮೇಲೂ ಸರ್ಕಾರ ಕ್ರಮ ಕೈಗೊಳ್ಳಬಹುದು. ಚಾಲಕರು ಲಾಗ್ ಪುಸ್ತಕದಲ್ಲಿ ಬರೆಯುವ ದೋಷಗಳನ್ನೂ ಡಿಪೊ, ಎಫ್‌ಸಿ ದಾಖಲೆಗಳನ್ನೂ ಮಾದರಿವಾರು ಒಟ್ಟುಮಾಡಿ ಸಾರಿಗೆ ಸಚಿವಾಲಯಕ್ಕೆ ಕಳಿಸಲು ಈ ಕಲಮಿನ ಮಾತುಗಳೇ ಸಾಕು; ಹೊಸ ಕಾಯ್ದೆ ಬೇಕಾಗಿಲ್ಲ.