ಶಂಭುನಾಥ ಡೇ: ಉಲ್ಲೇಖಗಳ ಲೆಕ್ಕಕ್ಕೆ ತಡವಾಗಿ ಸಿಕ್ಕ ಕಾಲರಾ ಸಂಶೋಧಕ

ಕಾಲರಾ ರೋಗಾಣು ಮನುಷ್ಯನ ಜೀವ ತೆಗೆಯುವುದು ಹೇಗೆ ಎಂಬ ಪ್ರಶ್ನೆಗೆ ಖಚಿತ ಉತ್ತರ ನೀಡಿದ ಪ್ರಬಂಧದ ಉದ್ದ ಎರಡೇ ಪುಟ. 1959ರ ಮೇ 30ರ 'ನೇಚರ್' ಸಂಚಿಕೆಯಲ್ಲಿ ಪ್ರಕಟವಾದ ಅದರ ಲೇಖಕರೂ ಒಬ್ಬರೇ: ಕಲ್ಕತ್ತೆಯ ಪೆಥಾಲಜಿ ತಜ್ಞ ಡಾ. ಶಂಭುನಾಥ ಡೇ. ವೈದ್ಯ ವಿಜ್ಞಾನಿಯೊಬ್ಬರ ಸಾಧನೆಯನ್ನು ಅವರ ಪ್ರಬಂಧಗಳಿಗೆ ದೊರೆತ ಉಲ್ಲೇಖಗಳಿಂದ ಅಳೆಯುವ ಪದ್ಧತಿಯ ಬಲವನ್ನೂ ಮಿತಿಯನ್ನೂ ಅರಿಯಲು ಅವರ ಪ್ರಕರಣದಷ್ಟು ಸ್ಪಷ್ಟವಾದ ನಿದರ್ಶನ ನಮ್ಮ ದೇಶದಲ್ಲಿ ಮತ್ತೊಂದು ಸಿಗುವುದು ಕಷ್ಟ.

1915ರಲ್ಲಿ ಬಂಗಾಳದ ಹೂಗ್ಲಿ ಜಿಲ್ಲೆಯಲ್ಲಿ ಜನಿಸಿದ ಡೇ, 1949ರಲ್ಲಿ ಲಂಡನ್ನಿನಲ್ಲಿ ಪಿಎಚ್.ಡಿ. ಪಡೆದು ಸ್ವದೇಶಕ್ಕೆ ಮರಳಿದರು. 1955ರಲ್ಲಿ ಕಲ್ಕತ್ತಾ ವೈದ್ಯಕೀಯ ಕಾಲೇಜಿನ ಪೆಥಾಲಜಿ ವಿಭಾಗದ ಮುಖ್ಯಸ್ಥರಾದರು.

ಮೊಲದ ಕರುಳಿನ ಪ್ರಯೋಗ

ಕಾಲರಾಕ್ಕೆ ಒಂದು ವಿಷವೇ ಕಾರಣವಿರಬೇಕೆಂದು ಜರ್ಮನಿಯ ರಾಬರ್ಟ್ ಕೋಕ್ 1884ರಲ್ಲೇ ಊಹಿಸಿದ್ದರು. ಆದರೆ ಮುಂದಿನ 75 ವರ್ಷ ಅದನ್ನು ಯಾರೂ ನಿಸ್ಸಂದೇಹವಾಗಿ ತೋರಿಸಲಿಲ್ಲ. ಹಲವರು ರೋಗಾಣುವನ್ನು ಪ್ರಾಣಿಗಳ ರಕ್ತಕ್ಕೆ ಚುಚ್ಚಿ ಪರಿಣಾಮ ನೋಡುತ್ತಿದ್ದರು. ಡೇ ಹಿಡಿದ ದಾರಿ ಬೇರೆ. ಮೊಲದ ಸಣ್ಣಕರುಳಿನ ಒಂದು ತುಂಡನ್ನು ಎರಡೂ ಬದಿಯಲ್ಲಿ ದಾರದಿಂದ ಕಟ್ಟಿ, ಅದರೊಳಗೇ ರೋಗಾಣುಗಳನ್ನು ಸೇರಿಸಿದರು. ಮರುದಿನದ ಹೊತ್ತಿಗೆ ಆ ಭಾಗ ಕಾಲರಾ ರೋಗಿಯ ಭೇದಿಯಂತಹ ದ್ರವದಿಂದ ಉಬ್ಬಿಕೊಂಡಿತ್ತು. ಸಹೋದ್ಯೋಗಿ ಡಿ.ಎನ್. ಚಟರ್ಜಿ ಅವರೊಂದಿಗೆ 1953ರಲ್ಲಿ ಅವರು ಇದನ್ನು ಪ್ರಕಟಿಸಿದರು. ಇಂತಹುದೇ ವಿಧಾನವನ್ನು 1915ರಲ್ಲೇ ಇಬ್ಬರು ವಿವರಿಸಿದ್ದರೂ ಅದು ಮರೆತುಹೋಗಿತ್ತು ಎಂಬುದು ಇಲ್ಲಿ ಗಮನಾರ್ಹ.

1959ರ ಪ್ರಬಂಧ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ರೋಗಾಣು ಬೆಳೆಸಿದ ದ್ರವವನ್ನು ಸೋಸಿ, ಬ್ಯಾಕ್ಟೀರಿಯಾ ಇಲ್ಲದ ತಿಳಿಯನ್ನಷ್ಟೇ ಕರುಳಿಗೆ ಬಿಟ್ಟಾಗಲೂ ಪರಿಣಾಮ ಅದೇ ಆಗಿತ್ತು. ಅಂದರೆ ರೋಗಾಣು ಹೊರಸೂಸುವ ವಿಷವೇ ದೇಹದ ನೀರನ್ನು ಕರುಳಿಗೆ ಸೆಳೆಯುತ್ತದೆ. ಅದೇ ವರ್ಷ ಮುಂಬಯಿಯ ಹಾಫ್‌ಕಿನ್ ಸಂಸ್ಥೆಯ ಎನ್.ಕೆ. ದತ್ತ ಮತ್ತು ಸಂಗಡಿಗರೂ ಮೊಲದ ಮರಿಗಳಲ್ಲಿ ಕಾಲರಾ ವಿಷದ ಪಾತ್ರವನ್ನು ಬೇರೊಂದು ಬಗೆಯಲ್ಲಿ ವರದಿ ಮಾಡಿದ್ದರು.

ಲೆಕ್ಕದ ಪುಸ್ತಕ ಹೇಳುವುದೇನು?

ಹೊಸ ಪ್ರಬಂಧ ಬರೆಯುವವರು ತಮಗೆ ಆಧಾರವಾದ ಹಳೆಯ ಪ್ರಬಂಧಗಳನ್ನು ಹೆಸರಿಸುತ್ತಾರೆ. ಅದೇ ಉಲ್ಲೇಖ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಈ ಉಲ್ಲೇಖಗಳನ್ನು ವ್ಯವಸ್ಥಿತವಾಗಿ ಎಣಿಸುವ 'ಸೈನ್ಸ್ ಸೈಟೇಷನ್ ಇಂಡೆಕ್ಸ್' ಅನ್ನು 1964ರಲ್ಲಿ ಹೊರತಂದರು. ಡೇ ಅವರ ಮುಖ್ಯ ಪ್ರಬಂಧಗಳು ಆ ವೇಳೆಗಾಗಲೇ ಪ್ರಕಟವಾಗಿದ್ದವು.

1985ರ ಏಪ್ರಿಲ್ 15ರಂದು ಡೇ ನಿಧನರಾದರು. ಮರುವರ್ಷ ಗಾರ್ಫೀಲ್ಡ್ ಸ್ವತಃ ಕಾಲರಾ ಸಂಶೋಧನೆಯ ಉಲ್ಲೇಖ ಜಾಲವನ್ನು ವಿಶ್ಲೇಷಿಸಿ 'ಕರೆಂಟ್ ಕಂಟೆಂಟ್ಸ್'ನಲ್ಲಿ ಲೇಖನ ಬರೆದರು. ಮೊದಮೊದಲು ಯಾರ ಗಮನಕ್ಕೂ ಬಾರದಿದ್ದ 1959ರ ಪ್ರಬಂಧ ನಂತರ ಮೈಲಿಗಲ್ಲೆನಿಸಿತು ಎಂಬುದು ಅವರ ನಿಲುವು. 1969ರಲ್ಲಿ ಅಮೆರಿಕದ ಫಿಂಕೆಲ್‌ಸ್ಟೈನ್ ಮತ್ತು ಲೋಸ್ಪಲುಟೊ ಕಾಲರಾ ವಿಷವನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದ ಮೇಲೆ ಆ ಕ್ಷೇತ್ರ ವಿಸ್ತಾರವಾಗಿ ಬೆಳೆಯಿತು.

ಇನ್ನೊಂದು ತೊಡಕೂ ಇದೆ. ಸಂಶೋಧನೆಯೊಂದು ಪಠ್ಯಪುಸ್ತಕದ ಮಾತಾಗಿಬಿಟ್ಟರೆ ಮೂಲ ಪ್ರಬಂಧವನ್ನು ಹೆಸರಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಅತಿ ಯಶಸ್ಸೇ ಉಲ್ಲೇಖವನ್ನು ಅಳಿಸುತ್ತದೆ! ತದ್ವಿರುದ್ಧವಾಗಿ, ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧವೆಂದು 2014ರಲ್ಲಿ 'ನೇಚರ್' ಗುರುತಿಸಿದ್ದು ಪ್ರೋಟೀನ್ ಪ್ರಮಾಣ ಅಳೆಯುವ ವಿಧಾನವೊಂದನ್ನು. ಆಲಿವರ್ ಲೌರಿ ಮತ್ತು ಸಂಗಡಿಗರ 1951ರ ಈ ಪ್ರಬಂಧಕ್ಕೆ ಆಗ 3 ಲಕ್ಷಕ್ಕೂ ಹೆಚ್ಚು ಉಲ್ಲೇಖಗಳಿದ್ದವು. ಪ್ರಯೋಗಾಲಯದಲ್ಲಿ ನಿತ್ಯ ಬಳಸುವ ವಿಧಾನಕ್ಕೆ ಲೆಕ್ಕದಲ್ಲಿ ಹೆಚ್ಚು ಅಂಕ ಬರುವುದು ಸಹಜ.

2005ರಲ್ಲಿ ಜಾರ್ಜ್ ಹಿರ್ಷ್ ಸೂಚಿಸಿದ ಎಚ್-ಸೂಚ್ಯಂಕ ಇಂದು ನೇಮಕಾತಿ, ಬಡ್ತಿಗಳಲ್ಲೂ ಬಳಕೆಯಲ್ಲಿದೆ. ತಲಾ ಕನಿಷ್ಠ 10 ಬಾರಿ ಉಲ್ಲೇಖಗೊಂಡ 10 ಪ್ರಬಂಧಗಳಿದ್ದರೆ ಸೂಚ್ಯಂಕ 10. ಆದರೆ ಒಂದೇ ಪ್ರಬಂಧ ಸಾವಿರ ಸಲ ಉಲ್ಲೇಖಗೊಂಡರೂ ಅದರಿಂದ ಸೇರುವುದು ಒಂದೇ ಅಂಕ. ಎರಡು ಪುಟಗಳಲ್ಲಿ 75 ವರ್ಷದ ಸಮಸ್ಯೆ ಬಿಡಿಸಿದವರಿಗೆ ಈ ತಕ್ಕಡಿ ನ್ಯಾಯ ಒದಗಿಸಲಾರದು.

ಮನ್ನಣೆ

ನೊಬೆಲ್ ವಿಜೇತ ಜೋಷುವಾ ಲೆಡರ್‌ಬರ್ಗ್ ಡೇ ಅವರ ಹೆಸರನ್ನು ನೊಬೆಲ್‌ಗೆ ಒಂದಕ್ಕಿಂತ ಹೆಚ್ಚು ಬಾರಿ ಸೂಚಿಸಿದ್ದರು. 1978ರಲ್ಲಿ ಕಾಲರಾ ಕುರಿತ ನೊಬೆಲ್ ವಿಚಾರಗೋಷ್ಠಿಗೆ ಡೇ ಆಹ್ವಾನಿತರಾದರು. ಅಷ್ಟರಲ್ಲಿ ಅವರು ಸೇವೆಯಿಂದ ನಿವೃತ್ತರಾಗಿ ಐದು ವರ್ಷವಾಗಿತ್ತು. ಭಾರತದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಆಗಿ ಆರಿಸಿಕೊಳ್ಳಲಿಲ್ಲ. ಅವರ ಸಾಧನೆಗೆಂದೇ ಮೀಸಲಾದ ವಿಶೇಷ ಸಂಚಿಕೆಯನ್ನು ಬೆಂಗಳೂರಿನಿಂದ ಪ್ರಕಟವಾಗುವ 'ಕರೆಂಟ್ ಸೈನ್ಸ್' ಪತ್ರಿಕೆ ಹೊರತಂದದ್ದು 1990ರಲ್ಲಿ.